ಗೌಸಬಿ ಅಜ್ಜಿಯ ಫೈಲು

ಹಾನಗಲ್
8 ಜನವರಿ 2025

ಪ್ರೀತಿಯ ಇರಮ,

ನಾನು ಹೇಮಾ. ಎಂ.ಎಸ್.ಡಬ್ಲ್ಯೂ ಕೊನೆಯ ವರ್ಷ. ಊರು ಹಿರೇಕೆರೂರು ತಾಲ್ಲೂಕಿನ ಅಬಲೂರು. ಈಗ ಹಾನಗಲ್ಲಿನ ಒಂದು ಮಹಿಳಾ ಸಹಾಯ ಕೇಂದ್ರದಲ್ಲಿ ಫೀಲ್ಡ್ ವರ್ಕ್ ಮಾಡುತ್ತಿದ್ದೇನೆ. ಬಿ.ಎಸ್.ಡಬ್ಲ್ಯೂದ ಒಬ್ಬೊಬ್ಬರಿಗೂ ಒಬ್ಬ ಸೀನಿಯರನ್ನು ಗಂಟು ಹಾಕುವುದು ನಮ್ಮ ಪರಮೇಶ್ವರಪ್ಪ ಸರ್ ಪದ್ಧತಿ. ಈ ವರ್ಷ ನೀನು ನನ್ನ ಪಾಲಿಗೆ ಬಂದಿದ್ದೀಯ. ಮಾರ್ಗದರ್ಶನವೆಲ್ಲ ಕಾಗದದಲ್ಲೇ ನಡೆಯಬೇಕು, ಫೋನು ಮುಟ್ಟುವಂತಿಲ್ಲ. “ಫೋನಿನ್ಯಾಗ ಹೇಳಿದ್ದು ಗಾಳಿಗೆ ಹೋಗ್ತೈತಿ, ಬರದದ್ದು ಉಳಿತೈತಿ” ಎಂದು ಅವರು ನಿನಗೂ ಹೇಳಿರುತ್ತಾರೆ. ಹಾಗಾಗಿ ಬೈಯುವುದಿದ್ದರೂ ನೀನು ಐದು ರೂಪಾಯಿಯ ಅಂಚೆ ಚೀಟಿ ಹಚ್ಚಿಯೇ ಬೈಯಬೇಕು.

ಸವಣೂರಿನಲ್ಲಿ ನಿನಗೆ ಗೌಸಬಿ ಅಜ್ಜಿಯ ಮನೆ ಕೊಟ್ಟಿದ್ದಾರೆಂದು ತಿಳಿಯಿತು. ಕಳೆದ ವರ್ಷ ಅದು ನನ್ನದಾಗಿತ್ತು. ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುವ ಕೆಲಸ ಅವರದು. ಹೋದ ದಿನವೇ ಫಾರ್ಮು ತೆಗೆಯಬೇಡ. ಪಕ್ಕದಲ್ಲಿ ಕೂತು ನೀನೂ ನಾಲ್ಕು ಎಲೆ ಆರಿಸು. ತಪ್ಪಾಗಿ ಆರಿಸಿದರೆ ಅವರಿಗೆ ಬಹಳ ಖುಷಿ.

ಮಾದರಿ ವರದಿ ಎಂದು ನನ್ನದೊಂದರ ಜೆರಾಕ್ಸ್ ಕೊಟ್ಟಿರುತ್ತಾರೆ. ಅದನ್ನು ಬಹಳ ಓದುತ್ತಾ ಕೂರಬೇಡ. ನಿನ್ನ ಕಣ್ಣಿಗೆ ಕಂಡದ್ದನ್ನು ಬರೆ.

ಇಲ್ಲಿಗೆ ಮುಗಿಸುವ,
ಹೇಮಾ


ಬಂಕಾಪುರ
19 ಜನವರಿ 2025

ಹೇಮಾ ಅಕ್ಕನಿಗೆ ಇರಮಳ ಸಲಾಮು.

ಅಕ್ಕಾ, ನೀವು ಹೇಳಿದಂತೆ ಎಲೆ ಆರಿಸಿದೆ. ಇಪ್ಪತ್ತು ಎಲೆಗಳಲ್ಲಿ ಹದಿನೇಳನ್ನು ಗೌಸಬಿ ದಾದಿ ತೆಗೆದು ಹಾಕಿದರು. “ನಿನ್ನ ಲಗ್ನದಾಗ ಎಲಿ ನೀ ಆರಸಬ್ಯಾಡವಾ, ಮಂದಿ ಉಣ್ಣಲಾರದ ಹೋದಾರು” ಅಂದರು. ನಮ್ಮ ಮನೆಯಲ್ಲಿ ಅಜ್ಜಿಗೆ ದಾದಿ ಅನ್ನುತ್ತೇವೆ, ಅವರನ್ನೂ ಹಾಗೇ ಕರೆಯುತ್ತೇನೆ. ಉರ್ದು, ಕನ್ನಡ ಎರಡೂ ಕಲಸಿ ಮಾತಾಡುತ್ತೇವೆ. ನಿಮಗೆ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತೇನೆ.

ಪ್ರತಿ ಶನಿವಾರ ಹೋಗುತ್ತಿದ್ದೇನೆ. ನೀವು ಆಪರೇಷನ್ ಮಾಡಿಸಿದ ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿನ ಪೊರೆ ಮಾತ್ರ ಪೂರ್ತಿ ಬೆಳ್ಳಗಾಗಿದೆ. ಇನ್ನು ತಡಮಾಡಿದರೆ ಆಪರೇಷನ್ ಕಷ್ಟವಾಗುತ್ತದೆಂದು ಡಾಕ್ಟರು ಹೇಳಿದ್ದಾರಂತೆ. ಫೆಬ್ರವರಿ 23ಕ್ಕೆ ಶಿಗ್ಗಾಂವಿಯಲ್ಲಿ ಕಣ್ಣಿನ ಶಿಬಿರ ಇದೆ. ಕರೆದರೆ ದಾದಿ ಒಪ್ಪುತ್ತಿಲ್ಲ. “ಎರಡನೇ ಕಣ್ಣಿಗೂ ಹೇಮಾ ನನ್ನ ಕೈ ಹಿಡಕೊಂಡ ಕುಂಡರ್ತೇನಿ ಅಂದಿದ್ಲು. ಅಂದಾಕಿ ಹೋದ್ಲು. ಹೋಗ್ತೇನಿ ಅಂತ ಹೇಳಾಕೂ ಬರಲಿಲ್ಲ. ನಾಕ ಗುರುವಾರ ಬಾಗಲದಾಗ ಕುಂತಿದ್ನಿ” ಅನ್ನುತ್ತಾರೆ.

ಅಕ್ಕಾ, ನನಗೆ ಪಾಪ ಅನ್ನಿಸಿತು. ಯಾಕೆಂದರೆ ನಿಮ್ಮ ವರದಿಯನ್ನು ನಾನು ಬಾಯಿಪಾಠ ಮಾಡಿದ್ದೇನೆ. ಕೊನೆಯ ಭೇಟಿ, ಮೇ 9. “ಇದು ನನ್ನ ಕೊನೆಯ ಗುರುವಾರವೆಂದು ತಿಳಿಸಿದೆ. ಅಜ್ಜಿ ನಗುತ್ತಾ ಬೀಳ್ಕೊಟ್ಟರು. ಚೆನ್ನಾಗಿ ಓದು ಮಗಳೇ ಎಂದು ತಲೆಯ ಮೇಲೆ ಕೈಯಿಟ್ಟರು.” ಇಷ್ಟು ಚಂದದ ದಿನವನ್ನೇ ದಾದಿ ಮರೆತುಬಿಟ್ಟಿದ್ದಾರಲ್ಲ! ಮರೆವಿನ ರೋಗದ ಶುರು ಇರಬಹುದೇ? ಫೈಲಿನಲ್ಲಿ ಬರೆಯಲೇ?

ನಿಮ್ಮ ಉತ್ತರದ ದಾರಿ ನೋಡುವ,
ಇರಮ


ಹಾನಗಲ್
24 ಜನವರಿ 2025

ಇರಮ,

ಬರೆಯಬೇಡ. ವಯಸ್ಸಾದವರು ಒಂದು ಮಾತು ಹೇಳಿದರೆ ಅದಕ್ಕೆ ಹತ್ತು ಕಾರಣ ಇರುತ್ತವೆ. ಅವಸರದಲ್ಲಿ ಹೆಸರಿಡಬಾರದು. ಕೇಳಿಸಿಕೊಳ್ಳುವುದೇ ನಮ್ಮ ಮೊದಲ ಕೆಲಸ. ಉಳಿದದ್ದನ್ನು ಮುಂದೆ ನೋಡೋಣ.

ಇಲ್ಲಿ ಕೇಂದ್ರದಲ್ಲಿ ಕೆಲಸ ಬಹಳ. ಈ ಸಲ ಇಷ್ಟೇ ಆಯಿತು.

ಹೇಮಾ


ಬಂಕಾಪುರ
2 ಫೆಬ್ರವರಿ 2025

ಅಕ್ಕಾ,

ನಿಮ್ಮ ಕಾಗದ ಬರುವಷ್ಟರಲ್ಲಿ ನಾನು ಬರೆದು ಆಗಿತ್ತು. “ಮರೆವಿನ ಲಕ್ಷಣ. ಹಿಂದಿನ ಕಾರ್ಯಕರ್ತೆಯ ಕೊನೆಯ ಭೇಟಿ ನೆನಪಿಲ್ಲ.” ಸರ್ ಓದಿ, ನನ್ನ ಗಮನಿಸುವ ಶಕ್ತಿ ಒಳ್ಳೆಯದಿದೆ ಅಂದರು. ನಾನು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಸರ್ ಅದನ್ನು ಶಿಬಿರದವರಿಗೂ ತಿಳಿಸಿದರು. ಅಲ್ಲಿಂದ ಒಬ್ಬ ನರ್ಸಮ್ಮ ನಿನ್ನೆ ನನ್ನ ಜೊತೆ ದಾದಿಯ ಮನೆಗೆ ಬಂದರು.

ಇವತ್ತು ಯಾವ ವಾರ, ಈಗ ಯಾವ ಇಸವಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದೆಲ್ಲ ಕೇಳಿದರು. ದಾದಿ ವಾರ ಹೇಳಿದರು, ಇಸವಿ ಹೇಳಲಿಲ್ಲ. “ಇಸವಿ ತಗೊಂಡ ನಾ ಏನ ಮಾಡ್ಲಿ?” ಅಂದರು. ನರ್ಸಮ್ಮ ಹೋದ ಮೇಲೆ ನನ್ನ ಕಡೆ ತಿರುಗಿ, “ಇದನೆಲ್ಲಾ ಯಾಕ ಕೇಳಿದ್ರು? ನನಗ ಅರವು ಮರವು ಆಗೇತಿ ಅಂತ ಬರದೀಯೇನು?” ಅಂತ ಕೇಳಿದರು. ಸುಳ್ಳು ಹೇಳಲು ನನಗೆ ಬರಲಿಲ್ಲ. ವರದಿಯ ವಿಷಯ ಹೇಳಿದೆ. ನೀವು ಬಂದಿದ್ದಿರಿ, ದಾದಿ ನಕ್ಕು ಕಳಿಸಿದ್ದರು ಅಂತ ಹಾಳೆಯಲ್ಲಿದೆ ಅಂದೆ.

ಅವರು ಕೈಯಲ್ಲಿದ್ದ ಕಟ್ಟು ಬಿಗಿದು ಬುಟ್ಟಿಗೆ ಹಾಕಿದರು. ಆಮೇಲೆ, “ಬರದಾರ ಅಂದಮ್ಯಾಲ ಬಂದಿರಬೇಕು. ಸಾಲಿ ಕಲತಾಕಿ ಸುಳ್ಳ ಯಾಕ ಬರೀತಾಳ? ನನಗ ನೆನಪಿಲ್ಲ ಬಿಡು” ಅಂದರು. ಅಷ್ಟೊತ್ತಿಗೆ ಅವರು ಒಂದು ಬುಟ್ಟಿ ಎಲೆ ಆರಿಸಿ ಕಟ್ಟಿ ಮುಗಿಸಿದ್ದರು. ಅದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಆರಿಸಲು ಕೂತರು. ಶಿಬಿರದ ಮಾತು ಎತ್ತಿದರೆ, “ತಲೀನ ಹೋದಮ್ಯಾಲ ಕಣ್ಣ ತಗೊಂಡ ಏನ ನೋಡ್ಲವಾ?” ಅಂದರು.

ಅಕ್ಕಾ, ನನಗೆ ಊಟ ಸೇರುತ್ತಿಲ್ಲ. ನಾನು ಮಾಡಿದ್ದು ಸರಿಯೇ?

ಇರಮ


ಬಂಕಾಪುರ
10 ಫೆಬ್ರವರಿ 2025

ಅಕ್ಕಾ,

ನಿಮ್ಮಿಂದ ಉತ್ತರ ಇಲ್ಲ. ನೀವು ಬೇಡವೆಂದದ್ದನ್ನು ಬರೆದೆನೆಂದು ಸಿಟ್ಟೇ? ಮೊನ್ನೆ ಶನಿವಾರ ಹೋದಾಗ ದಾದಿ ನನ್ನ ಹೆಸರು ತಾವಾಗಿಯೇ ಎರಡು ಸಲ ಹೇಳಿ, “ಬರೋಬ್ಬರಿ ಐತಲ್ಲ?” ಎಂದು ಕೇಳಿದರು. ಅವರು ಈಗ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ. ಶಿಬಿರಕ್ಕೆ ಹದಿಮೂರು ದಿನ ಉಳಿದಿದೆ.

ಬೈದಾದರೂ ಬರೆಯಿರಿ.

ಇರಮ


ಹಾನಗಲ್
12 ಫೆಬ್ರವರಿ 2025

ಇರಮ,

ಅಜ್ಜಿಗೆ ಏನೂ ಮರೆತಿಲ್ಲ. ಮೇ 9ರಂದು ನಾನು ಅವರ ಮನೆಗೆ ಹೋಗಲೇ ಇಲ್ಲ.

ಈ ಎರಡು ಸಾಲು ಬರೆಯಲು ನನಗೆ ಹತ್ತು ದಿನ ಬೇಕಾಯಿತು. ಫೋನ್ ಮಾಡೋಣವೆಂದು ಮೂರು ಸಲ ನಿನ್ನ ನಂಬರು ಒತ್ತಿ ಬಿಟ್ಟೆ. ಬರೆದು ಮಾಡಿದ ತಪ್ಪು, ಬರೆದೇ ಒಪ್ಪಿಕೊಳ್ಳಬೇಕು ಅನ್ನಿಸಿತು.

ನಡೆದದ್ದು ಇಷ್ಟು. ವರದಿಗಳನ್ನು ಬುಧವಾರ ಸಂಜೆಯೊಳಗೆ ಒಪ್ಪಿಸಬೇಕಿತ್ತು, ನನ್ನ ಕೊನೆಯ ಭೇಟಿ ಗುರುವಾರ. ಹೇಗೂ ನಾಳೆ ಹೋಗುತ್ತೇನಲ್ಲ ಎಂದು ಆ ಭೇಟಿಯನ್ನು ಮುಂಚಿತವಾಗಿಯೇ ಬರೆದುಬಿಟ್ಟೆ. ನಮ್ಮಲ್ಲಿ ಇದನ್ನು ಮಾಡದವರು ಕಡಿಮೆ. ನೀನೂ ಒಂದು ದಿನ ಮಾಡಬಹುದು, ಅದಕ್ಕೇ ಹೇಳುತ್ತಿದ್ದೇನೆ. ಅಜ್ಜಿ ಏನು ಹೇಳುತ್ತಾರೆ, ಹೇಗೆ ನಗುತ್ತಾರೆ ಎಂದೆಲ್ಲ ಊಹಿಸಿ ಬರೆದೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂತು.

ಮರುದಿನ ಸವಣೂರು ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಅಲ್ಲಿ ಇಳಿದವಳು ಮುಂದೆ ಹೋಗಲಿಲ್ಲ. ಹಾಳೆಯಲ್ಲಿ ಅವರು ನಕ್ಕಿದ್ದಾರೆ, ಎದುರಿಗೆ ಹೋದಾಗ ಅತ್ತರೆ ಏನು ಮಾಡಲಿ? ಎರಡನೇ ಕಣ್ಣಿನ ಮಾತು ತೆಗೆದರೆ ಏನು ಹೇಳಲಿ? ಒಂದು ತಾಸು ಬೆಂಚಿನ ಮೇಲೆ ಕೂತು ಬಂದ ಬಸ್ಸಿನಲ್ಲೇ ವಾಪಸು ಹೋದೆ. ಮುಂದಿನ ವಾರ ಹೋದರಾಯಿತು ಅಂದುಕೊಂಡೆ. ಆಮೇಲೆ ಆ ವರದಿಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಸರ್ ಅದನ್ನು ಮಾದರಿ ಮಾಡಿದರು. ಅದಾದ ಮೇಲೆ ಹೋಗುವ ಮುಖ ನನಗೆ ಉಳಿಯಲಿಲ್ಲ.

ನಿನ್ನ ಜನವರಿಯ ಕಾಗದ ಬಂದಾಗಲೇ ಇದನ್ನು ಹೇಳಬೇಕಿತ್ತು. ಹೇಳಿದ್ದರೆ ನರ್ಸಮ್ಮ ಬರುತ್ತಿರಲಿಲ್ಲ, ಅಜ್ಜಿ ಕಟ್ಟಿದ ಎಲೆಯನ್ನು ಬಿಚ್ಚುತ್ತಿರಲಿಲ್ಲ. ತಪ್ಪು ನಿನ್ನದಲ್ಲ, ನನ್ನದು.

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಕೈಗೆ ಸಿಕ್ಕ ಕೂಡಲೇ ಅಜ್ಜಿಗೆ ಹೇಳು. ನಾನು ಬಂದು ಹೇಳುವವರೆಗೆ ಕಾಯಬೇಡ. ಅವರು ತಮ್ಮ ತಲೆಯನ್ನು ಇನ್ನೊಂದು ದಿನವೂ ಅನುಮಾನಿಸಬಾರದು. ಬರುವ ಗುರುವಾರ, 20ಕ್ಕೆ, ನಾನು ಬರುತ್ತೇನೆ. ಸರ್‌ಗೂ ಬರೆಯುತ್ತೇನೆ.

ನಿನಗೆ ಅಕ್ಕ ಅನ್ನಿಸಿಕೊಳ್ಳಲು ನಾಚುತ್ತಿರುವ,
ಹೇಮಾ


ಬಂಕಾಪುರ
16 ಫೆಬ್ರವರಿ 2025

ಹೇಮಾ ಅಕ್ಕನಿಗೆ,

ನಿನ್ನೆ ಹೇಳಿದೆ. ನಿಮ್ಮ ಕಾಗದವನ್ನೇ ಓದಿದೆ, ಒಂದಕ್ಷರ ಬಿಡಲಿಲ್ಲ.

ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ, ಅಕ್ಕಾ. ನಾನು ನಿಮ್ಮ ಹಾಳೆಯನ್ನು ನಂಬಿದೆ, ಎದುರಿಗೆ ಕೂತ ಮನುಷ್ಯರನ್ನು ನಂಬಲಿಲ್ಲ. ಅದು ನನ್ನ ತಪ್ಪೇ. ಆದರೆ ನೀವು ಜನವರಿಯಲ್ಲಿ “ಬರೆಯಬೇಡ” ಅಂತ ಬರೆದಿರಿ, ಯಾಕೆ ಅಂತ ಬರೆಯಲಿಲ್ಲ. ಅದಕ್ಕೆ ನನಗೆ ಅಳು ಬರುತ್ತದೆ.

ದಾದಿ ಪೂರ್ತಿ ಕೇಳಿದರು. ಮೊದಲು ಅಂದದ್ದು ನಿಮ್ಮ ಬಗ್ಗೆ ಅಲ್ಲ. “ಹಂಗಾರ ನನ್ನ ತಲಿ ಛಲೋ ಐತಿ” ಅಂದರು. ಎರಡು ಸಲ ಅಂದರು. ಮಧ್ಯಾಹ್ನದ ರೊಟ್ಟಿ ಮುಚ್ಚಿಟ್ಟಿದ್ದರು, ಅದನ್ನು ತೆಗೆದು ನನಗೂ ಕೊಟ್ಟು ತಾವೂ ಉಂಡರು. ಹದಿನೈದು ದಿನಗಳಲ್ಲಿ ಅವರು ಅಷ್ಟು ಉಂಡದ್ದನ್ನು ನಾನು ನೋಡಿರಲಿಲ್ಲ.

ನೀವು ಗುರುವಾರ ಬರುತ್ತೀರಿ ಎಂದೆ. ಬಾ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಶಿಬಿರದ ಬಗ್ಗೆಯೂ ಹಾಗೇ. ನನಗೆ ಗುರುವಾರ ಇಂಟರ್ನಲ್ ಪರೀಕ್ಷೆ ಇದೆ. ನೀವೊಬ್ಬರೇ ಹೋಗಿ.

ಸಿಟ್ಟು ಇಳಿದ ಮೇಲೆ ಮತ್ತೆ ಬರೆಯುವ,
ಇರಮ


ಹಾನಗಲ್
17 ಫೆಬ್ರವರಿ 2025

ಪರಮೇಶ್ವರಪ್ಪ ಸರ್ ಅವರಿಗೆ,

ಮಾನ್ಯರೇ,

ಕಳೆದ ವರ್ಷ ನಾನು ಒಪ್ಪಿಸಿದ ಸವಣೂರಿನ ಕ್ಷೇತ್ರಕಾರ್ಯ ವರದಿಯಲ್ಲಿ 9 ಮೇ 2024ರ ಭೇಟಿ ನಡೆದಿಲ್ಲ. ಹಿಂದಿನ ದಿನವೇ ಊಹಿಸಿ ಬರೆದದ್ದು. ಇದರಿಂದಾಗಿ ಶ್ರೀಮತಿ ಗೌಸಬಿ ಅವರಿಗೆ ಮರೆವು ಇದೆಯೆಂದು ಫೈಲಿನಲ್ಲಿ ತಪ್ಪಾಗಿ ದಾಖಲಾಗಿದೆ. ಅದಕ್ಕೆ ಇರಮ ಕಾರಣಳಲ್ಲ. ಶಿಬಿರಕ್ಕೆ ಮುಂಚೆ ಅದನ್ನು ತೆಗೆಸಬೇಕೆಂದು ಕೋರುತ್ತೇನೆ. ಅಂಕದ ವಿಷಯದಲ್ಲಿ ತಾವು ತೆಗೆದುಕೊಳ್ಳುವ ತೀರ್ಮಾನಕ್ಕೆ ಒಪ್ಪಿಗೆ ಇದೆ.

ಸರ್, ಅರ್ಜಿಯ ಭಾಷೆ ಇಲ್ಲಿಗೆ ಮುಗಿಯಿತು. ಆ ವರದಿಯನ್ನು ನೀವು ಕ್ಲಾಸಿನಲ್ಲಿ ಓದಿದಾಗ ನಾನು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯ ಹುಡುಗಿ ಅಂದಿರಿ. ಅಂದೇ ಎದ್ದು ಹೇಳಬೇಕಿತ್ತು.

ತಮ್ಮ ವಿದ್ಯಾರ್ಥಿನಿ,
ಹೇಮಾ


ಹಾನಗಲ್
21 ಫೆಬ್ರವರಿ 2025

ಇರಮ,

ನಿನ್ನೆ ಹೋಗಿ ಬಂದೆ. ಬಾಗಿಲು ತೆರೆದಿತ್ತು. ಅಜ್ಜಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ತಲೆಯೆತ್ತಿ ಒಳ್ಳೆಯ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು.

“ಯಾರವಾ ನೀ?” ಅಂದರು.

“ನಾನರಿ ಅಜ್ಜಿ, ಹೇಮಾ” ಅಂದೆ.

“ಯಾವ ಹೇಮಾ? ನನಗ ಮರವು ಐತೆವಾ. ಬರದಾರ.”

ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ನಾನು ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟರು. ಎಲೆ ಆರಿಸುತ್ತಲೇ ಇದ್ದರು. ಆಮೇಲೆ ಅಂದರು: “ಸಾಕ ಮಾಡು. ಬಸ್‌ಸ್ಟ್ಯಾಂಡತನಾ ಬಂದಾಕಿ ಯಾಕ ಹೊಳ್ಳಿ ಹೋದಿ? ಅದನ್ನ ಹೇಳು.”

“ಅಂಜಿಕಿ ಆತರಿ. ನೀವು ಅಳ್ತೀರಿ ಅಂತ.”

“ಅತ್ತಿದ್ರ ಏನಾಗ್ತಿತ್ತ? ಇಬ್ರೂ ಅತ್ತು ಸುಮ್ಮನಾಗ್ತಿದ್ವಿ. ಈಗ ನಾ ಒಬ್ಬಾಕೀನ ಅತ್ನಿ.”

ಐದು ವರ್ಷ ಸಮಾಜಕಾರ್ಯ ಓದಿದ್ದೇನೆ, ಇಷ್ಟು ಸರಳವಾದದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪಾಯಿತು ಅಂದೆ. ಇವತ್ತು ನಿಜವಾಗಿಯೂ ಹೇಳಿ ಹೋಗಲು ಬಂದಿದ್ದೇನೆ, ಮೇ ತಿಂಗಳಿಗೆ ನನ್ನ ಓದು ಮುಗಿಯುತ್ತದೆ ಅಂದೆ. “ಹೂಂ” ಅಂದರು. ಕಣ್ಣಿನ ವಿಷಯ ಕೇಳಿದೆ. “ನೋಡೂಣು” ಅಂದರು. ನಾನು ಹೊರಟಾಗ ಎದ್ದು ಬಾಗಿಲಿಗೆ ಬರಲಿಲ್ಲ. ಬರಲೆಂದು ಕೇಳುವ ಹಕ್ಕು ನನಗಿಲ್ಲ. ಆದರೂ ಓಣಿಯ ತುದಿಯಲ್ಲಿ ನಿಂತು ತಿರುಗಿ ನೋಡಿದೆ.

ಇವತ್ತು ಸರ್ ಕರೆಸಿದ್ದರು. ಕೂಗಾಡಲಿಲ್ಲ, ಅದೇ ಹೆಚ್ಚು ನೋಯಿಸಿತು. ಕಳೆದ ವರ್ಷದ ಅಂಕ ಮತ್ತೆ ಹಾಕುತ್ತಾರೆ. ಜೆರಾಕ್ಸುಗಳನ್ನು ಎಲ್ಲರಿಂದ ವಾಪಸು ತರಿಸುತ್ತಿದ್ದಾರೆ. ನಾನು ಇನ್ನು ಆ ಮನೆಗೆ ಹೋಗಬಾರದು, ಶಿಬಿರಕ್ಕೂ ಬರಬಾರದು. “ನಿನ್ನ ಮನಸ್ಸ ಹಗುರ ಮಾಡಿಕೊಳ್ಳಾಕ ಅವರ ಮನೀ ಇಲ್ಲ” ಅಂದರು. ಮಾತು ನಿಜ. ಕೈ ಹಿಡಿದು ಕೂರುತ್ತೇನೆಂದು ಕೊಟ್ಟ ಮಾತು ಹಾಗೇ ಉಳಿಯಿತು. ಕೈ ನೀನೇ ಹಿಡಿಯಬೇಕು. ಅವರು ಒಪ್ಪಿದರೆ.

ಭಾನುವಾರ ಇಡೀ ನಿಮ್ಮಿಬ್ಬರನ್ನೇ ನೆನೆಯುವ,
ಹೇಮಾ


ಬಂಕಾಪುರ
25 ಫೆಬ್ರವರಿ 2025

ಪ್ರೀತಿಯ ಅಕ್ಕಾ,

ಆಪರೇಷನ್ ಆಯಿತು. ನಿನ್ನೆ ಪಟ್ಟಿ ಬಿಚ್ಚಿದರು. ಕಾಣುತ್ತದೆ! ಇದನ್ನು ಮೊದಲೇ ಬರೆದೆ, ಇಲ್ಲದಿದ್ದರೆ ನೀವು ಉಳಿದದ್ದನ್ನು ಓದುವುದಿಲ್ಲ. ಪಟ್ಟಿ ಬಿಚ್ಚಿದ ಕೂಡಲೇ ದಾದಿ ನನ್ನ ಮುಖ ನೋಡಿ, “ಇಷ್ಟ ತೆಳ್ಳಗದಿಯಲ್ಲ, ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು?” ಅಂದರು. ವಾರ್ಡಿನವರೆಲ್ಲ ನಕ್ಕರು. ನಾನು ಮಾತ್ರ ಅತ್ತೆ. ಆಪರೇಷನ್ನಿಗೆ ಒಳಗೆ ಹೋಗುವವರೆಗೆ ಅವರ ಕೈ ಬಿಟ್ಟಿರಲಿಲ್ಲ.

ಅವರು ಒಪ್ಪಿದ್ದು ಹೇಗೆ ಅಂತ ಈಗ ಹೇಳುತ್ತೇನೆ. ಶುಕ್ರವಾರ ಸರ್ ನನ್ನನ್ನೂ ಕರೆದು, ಫೈಲು ಕೊಟ್ಟು, ಮರೆವಿನ ಸಾಲನ್ನೂ ನಿಮ್ಮ ಆ ಪುಟವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ ಸಹಿ ಮಾಡು ಅಂದಿದ್ದರು. ಶನಿವಾರ ಅದನ್ನು ಹಿಡಿದುಕೊಂಡೇ ದಾದಿಯ ಮನೆಗೆ ಹೋದೆ. ನೀವು ಶಿಬಿರಕ್ಕೆ ಬರುವುದಿಲ್ಲವೆಂದು ಸರ್ ತಿಳಿಸಿದ್ದನ್ನೂ ಹೇಳಿದೆ. ಅವರು ಫೈಲಿನ ಕಡೆ ಕೈ ತೋರಿಸಿ, “ನಾಕ ವರ್ಷ ಹುಡುಗ್ಯಾರು ಬರ್ತೀರಿ, ಬರೀತೀರಿ. ಏನ ಬರದೀರಿ ಅಂತ ಒಬ್ರೂ ಓದಿ ಹೇಳಿಲ್ಲ. ಎಲ್ಲಾ ಓದು. ಆಮ್ಯಾಲ ಬರ್ತೇನಿ” ಅಂದರು.

ಓದಿದೆ. ಮೊದಲನೆಯವಳು “ಮಕ್ಕಳು ಮೂವರು” ಎಂದು ಬರೆದಿದ್ದಳು. “ನಾಕ ಮಂದಿ. ಒಂದು ಹೆಣ್ಣ ಕೂಸು ಆರ ತಿಂಗಳದ್ದಿತ್ತು, ಹೋತು. ಕೇಳಿದ್ರ ಹೇಳ್ತಿದ್ನಿ” ಅಂದರು. ಎರಡನೆಯವಳು “ಮನೆ ಅಸ್ವಚ್ಛ” ಎಂದಿದ್ದಳು. “ಎಲಿ ಬುಟ್ಟಿ ಇಳಿಸಿದ ದಿನ ಬಂದಿರಬೇಕು ಆ ಬಿಕನಾಸಿ” ಅಂದರು. ನಾನು ಬರೆದ ಮರೆವಿನ ಸಾಲು ಬಂದಾಗ ನನ್ನ ದನಿ ಸಣ್ಣದಾಯಿತು. “ಜೋರಾಗಿ ಓದು” ಅಂದರು. ಜೋರಾಗಿ ಓದಿ, ಅವರ ಎದುರಿಗೇ ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ.

ನಿಮ್ಮ ಪುಟವನ್ನು ಕೊನೆಗೆ ಉಳಿಸಿದ್ದೆ. ಅದನ್ನು ಓದಿದಾಗ ಎಲೆಯ ಮೇಲಿದ್ದ ಅವರ ಕೈ ನಿಂತಿತು. “ಇನ್ನೊಮ್ಮೆ ಓದು” ಅಂದರು. ಓದಿದೆ. ನಕ್ಕದ್ದು, ಚೆನ್ನಾಗಿ ಓದು ಮಗಳೇ ಅಂದದ್ದು, ತಲೆಯ ಮೇಲೆ ಕೈಯಿಟ್ಟದ್ದು, ಎಲ್ಲ. ಪೆನ್ನು ಎತ್ತಿದಾಗ ನನ್ನ ಕೈ ಹಿಡಿದುಬಿಟ್ಟರು.

“ಅದನ್ನ ಹೊಡೀಬ್ಯಾಡ.”

“ಸುಳ್ಳಲ್ಲೇನು ದಾದಿ, ಅದು?”

“ಆಕಿ ಬಂದಿದ್ರ ನಾ ಹಿಂಗ ನಕ್ಕ ಕಳಸ್ತಿದ್ನಿ. ಹಿಂಗ ತಲಿ ಮ್ಯಾಲ ಕೈ ಇಡ್ತಿದ್ನಿ. ಅತ್ತಿದ್ರೂ ಆಮ್ಯಾಲ ನಗತಿದ್ನಿ. ನಾ ಎಂಥಾಕಿ ಅನ್ನೂದು ಆ ಹುಡುಗಿಗೆ ಬರೋಬ್ಬರಿ ಗೊತ್ತಿತ್ತು. ಬರೂದೊಂದ ಬಿಟ್ಲು.”

ಅಕ್ಕಾ, ನಾನು ಆ ಪುಟವನ್ನು ಹೊಡೆಯಲಿಲ್ಲ. ಕೆಳಗೆ ತಾರೀಖು ಹಾಕಿ “ಈ ಭೇಟಿ ನಡೆದಿಲ್ಲ” ಎಂದು ಬರೆದೆ. ಅದರ ಕೆಳಗೆ, ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆದು ಓದಿ ಹೇಳಿದೆ. ಅವರು ಪೂರ್ತಿ ಕೇಳಿ, “ಹಾಂ. ಇದು ಖರೆ. ಇದನ್ನ ಆಕಿಗೂ ಬರದ ಕಳಸು” ಅಂದರು.

ಬರೆದು ಕಳಿಸುತ್ತಿದ್ದೇನೆ.

ನಿಮ್ಮ ತಂಗಿ,
ಇರಮ